ಹೊಸ್ತಿಲ ಮೇಲೆ ಬಿಟ್ಟ ಹೂವು

ಆಲ್ದೂರು
೧೯-೨-೨೦೦೩

ಚಿರಂಜೀವಿ ಪರಮೇಶ್ವರನಿಗೆ,

ಮೊದಲು ಕೂತು ಓದು. ಹೋದ ಕಾಗದವನ್ನು ಕಚೇರಿಯ ಜೀಪಿನಲ್ಲೇ ಮರೆತೆಯಂತೆ. ಹೆತ್ತವಳ ಕಾಗದವೇನು ನಿನ್ನ ಕಚೇರಿಗೆ ಬಂದ ಅರ್ಜಿಯೇ ಮಾರಾಯ, ಮೂಲೆಗೆ ಎಸೆಯಲು? ಎದೆಯುರಿ ಹೇಗಿದೆ? ಆ ಬಯಲುಸೀಮೆಯ ನೀರಿಗೆ ಜೀರಿಗೆ ಹಾಕಿ ಕುದಿಸಿ ಕುಡಿ. ನನ್ನ ಮಂಡಿ ಕೆಟ್ಟಿದೆ, ನಾಲಿಗೆ ಚೆನ್ನಾಗಿದೆ.

ಇಲ್ಲಿ ನಿನ್ನ ಮಗಳು ಗಾನಶ್ರೀ ಹೊಸ ಪಕ್ಷ ಕಟ್ಟಲು ಹೊರಟಿದ್ದಾಳೆ. ನಗಬೇಡ. ಲಂಚ ಕೊಡದವರ, ಮುಟ್ಟದವರ ಪಕ್ಷ. ಗ್ಯಾರೇಜಿನ ಶಾಕಿರ್, ಎಸ್ಟೇಟಿನ ಮೇಸ್ತ್ರಿ ಭೂತಯ್ಯ ಜೊತೆಗಿದ್ದಾರೆ. ಮೊನ್ನೆ ಭಾನುವಾರ ಮೊದಲ ಸಭೆ ಆಯಿತು. ಊರಿಗೆ ಊರೇ ಬಂದು ಕಡುಬು ತಿಂದು ಚಪ್ಪಾಳೆ ತಟ್ಟಿತು. ಅಲ್ಲೇ ಹುಡುಗಿ ಎಡವಿದಳು. "ಎಲ್ರೂ ಜೀಪ್ ಹತ್ತಿ, ದೇವರಮನೆ ಗುಡ್ಡದ ಗುಡಿಗೆ ಹೋಗಿ ದೇವ್ರ ಮುಂದೆ ಆಣೆ ಮಾಡುವ" ಎಂದುಬಿಟ್ಟಳು. ಭಾಷಣಕ್ಕೆ ಯಾರು ಹೆದರುತ್ತಾರೆ? ಆಣೆಗೆ ಹೆದರದವರು ಈ ಗುಡ್ಡಗಳಲ್ಲಿ ಹುಟ್ಟಿಲ್ಲ. ಸುಳ್ಳಾದರೆ ಮನೆಗೇ ಕೇಡು. ಮುಂದಿನ ಸಾಲಿನಲ್ಲಿ ಕೂತಿದ್ದ ಸೋಮಶೇಖರಪ್ಪನವರಿಗೆ ಆಗಲೇ ಹಸು ಕರು ಹಾಕುವುದು ನೆನಪಾಯಿತು. "ಅವ್ರ ಹಸು ಹೋದ ತಿಂಗ್ಳೇ ಹಾಕಿತ್ತಲ್ಲ ಅಮ್ಮಾ!" ಎಂದು ಭೂತಯ್ಯ ನಕ್ಕ. ಶಾಕಿರ್, "ನನ್ನ ಆಣೆ ಮಸೀದೀಲಿ ಆಯ್ತು ಅಜ್ಜಿ, ಗಾಡಿ ನಾನೇ ಓಡಿಸ್ತೀನಿ" ಎಂದ. ಉಳಿದವರೆಲ್ಲ ಒಬ್ಬೊಬ್ಬರಾಗಿ ಜಾರಿಕೊಂಡರು. ಜೀಪು ಖಾಲಿ ಹೋಗಬಾರದೆಂದು ನಾನೂ ಹತ್ತಿ ಕೂತೆ.

ಗುಡಿಯ ಹೊಸ್ತಿಲಲ್ಲಿ ದೇವರ ಹೂವು ಹಿಡಿದು ಭೂತಯ್ಯ ಆಣೆ ಮಾಡಿದ. ಗಾನಶ್ರೀ ಹೂವು ಹಿಡಿದು, "ನಮ್ಮನೇಲಿ ಲಂಚದ ಅನ್ನ..." ಎಂದವಳು ನಿಂತುಬಿಟ್ಟಳು. ನೀನು ಬಂದಾಗಲೆಲ್ಲ ತರುವ ಅಕ್ಕಿ ಮೂಟೆ, ತುಪ್ಪದ ಡಬ್ಬಿ ಯಾರ ಜಮೀನಿನ ಖಾತೆ ಮಾಡಿಕೊಟ್ಟದ್ದಕ್ಕೆ ಬಂದದ್ದೆಂದು ಅವಳಿಗೂ ಗೊತ್ತು. ಹೂವನ್ನು ಹೊಸ್ತಿಲ ಮೇಲಿಟ್ಟು ಇಳಿದು ಬಂದಳು. ದಾರಿಯಲ್ಲಿ, "ಅಪ್ಪನ್ನ ಹೊರಗಿಟ್ಟು ಆಣೆ ಹೇಗೆ ಮಾಡ್ಲಿ ಅಜ್ಜಿ?" ಎಂದಳು. ಆಣೆಯಾಗದೆ ಪಕ್ಷದ ಬೋರ್ಡು ಏರಿಸುವುದಿಲ್ಲವಂತೆ. ಬೋರ್ಡು ಜಗಲಿಯ ಗೋಡೆಗೆ ಮುಖ ಮಾಡಿ ನಿಂತಿದೆ.

ನೀನು ಕೆಟ್ಟವನಲ್ಲ. ಪಕ್ಕದ ತೋಟದ ಕಿತ್ತಳೆ ನಮ್ಮ ಕಡೆ ಬಿದ್ದರೆ ಬೇಲಿಯಾಚೆ ಎಸೆದು ಬರುತ್ತಿದ್ದ ಹುಡುಗ. ಅವನನ್ನು ನಿನ್ನ ಮಗಳು ನೋಡಿಲ್ಲ. ನಾನು ನೋಡಿದ್ದೇನೆ.

ನಿನಗೂ ಸೊಸೆ ಸರಸ್ವತಿಗೂ ಆಶೀರ್ವಾದ. ನೂರು ಕಾಲ ಬಾಳಿ, ನಿಮ್ಮದೇ ಅನ್ನ ಉಂಡು.

ನಿನ್ನ ಅಮ್ಮ,
ಪಾಪಮ್ಮ

ಇದೊಂದು ಮರೆತೆ, ಬಸ್ಸು ಹಾರ್ನ್ ಹೊಡೆಯುತ್ತಿದೆ. ಹೋದ ಸಲ ನೀನು ತಂದ ಅಕ್ಕಿ ಮೂಟೆಯನ್ನು ಬಿಚ್ಚಿಲ್ಲ. ಇದೇ ಬಸ್ಸಿಗೆ ಹಾಕಿಸಿದ್ದೇನೆ. ಕೊಟ್ಟವರ ಮನೆಗೆ ನೀನೇ ಹೊತ್ತುಕೊಂಡು ಹೋಗಿ ಕೊಡು. ಆಮೇಲೆ ಬಾ, ಮಗಳ ಪಕ್ಕ ನಿಂತು ಹೂವು ಹಿಡಿ. ಬರುತ್ತೀಯೋ ಇಲ್ಲವೋ, ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರೆ.