ನಾಲ್ಕು ಗಂಡು ಮರಗಳ ಹೂ

ಫರ್ವರ್ದಿನ್ ತಿಂಗಳ 15, ಮಂಗಳವಾರ

ಹೋದ ಬೇಸಿಗೆಯಲ್ಲಿ ನನ್ನ ನೀರಿನ ಸರದಿಯ ದಿನ, ಪಕ್ಕದ ತೋಟದ ಹಾಜಿ ಫತ್ಹುಲ್ಲಾ ಕಾಲುವೆಗೆ ಮಣ್ಣು ಒಡ್ಡಿ ನೀರನ್ನೆಲ್ಲ ತನ್ನ ಕಡೆ ತಿರುಗಿಸಿಕೊಂಡ. ನಲವತ್ತು ದಿನಕ್ಕೊಮ್ಮೆ ಬರುವ ಸರದಿ ಅದು. ಕಾಳು ತುಂಬುವ ಹೊತ್ತಿಗೆ ನೀರಿಲ್ಲದೆ ನನ್ನ ಪಿಸ್ತಾ ಅರ್ಧಕ್ಕರ್ಧ ಜೊಳ್ಳಾಯಿತು. "ಹೆಂಗಸಿನ ಕೈಗೆ ತೋಟ ಕೊಟ್ರೆ ಇಷ್ಟೇ" ಎಂದು ಊರೆಲ್ಲ ಹೇಳಿಕೊಂಡು ತಿರುಗಿದ.

ಕಾಯಿ ಬಿಡುವುದಿಲ್ಲ, ನೀರು ದಂಡ ಎಂದು ಅವನು ತನ್ನ ಗಂಡು ಮರಗಳನ್ನು ಕಡಿಸಿ ಏಳು ವರ್ಷವಾಯಿತು. ಅಂದಿನಿಂದ ಅವನ ಹೆಣ್ಣು ಮರಗಳು ಫಲ ಕಟ್ಟುತ್ತಿರುವುದು ಗಾಳಿಯಲ್ಲಿ ಹೋಗುವ ನನ್ನ ಗಂಡು ಮರಗಳ ಪರಾಗದಿಂದಲೇ.

ಇವತ್ತು ಬೆಳಗ್ಗೆ, ಹೂ ಬಿರಿಯುವ ಮುನ್ನವೇ, ನನ್ನ ನಾಲ್ಕು ಗಂಡು ಮರಗಳ ಗೊಂಚಲುಗಳನ್ನೆಲ್ಲ ಕೊಯ್ದು ಒಳಕೋಣೆಯಲ್ಲಿ ಕಾಗದದ ಮೇಲೆ ಹರಡಿದೆ. ಪರಾಗದ ಪುಡಿ ಉದುರಿದ ಮೇಲೆ ಹಿಟ್ಟಿನಲ್ಲಿ ಬೆರೆಸಿ ನನ್ನ ಮರಗಳಿಗೆ ಕೈಯಿಂದಲೇ ತೂರುತ್ತೇನೆ. ಕೈ ಇನ್ನೂ ಅಂಟಂಟು.

ಸಂಜೆ ಹಾಜಿ ಗೋಡೆಯಾಚೆಯಿಂದ ಕೂಗಿದ. "ಇಫ್ಫತ್ ಖಾನಂ, ಏನಮ್ಮಾ ಇದು, ಮರ ಬೋಳಿಸಿಬಿಟ್ರಿ?"

"ನನ್ನ ಮರ, ಹಾಜಿ."

"ಗಾಳಿಗೂ ಒಡ್ಡು ಕಟ್ತಾರಾ? ದೇವರು ಮೆಚ್ತಾನಾ?"

"ನೀವು ನೀರಿಗೆ ಕಟ್ಟಿದಾಗ ದೇವರು ಊರಲ್ಲಿರ್ಲಿಲ್ವಾ?"

ಹಾಜಿ ದನಿ ಇಳಿಸಿ, "ಒಂದು ಬೊಗಸೆ ಪುಡಿ ಕೊಡಿ, ತಾಯಿ" ಎಂದ.

ಅವನ ಮರಗಳು ನಿನ್ನೆ ಹೂಬಿಟ್ಟಿವೆ. ಆ ಹೂ ಪರಾಗಕ್ಕೆ ಕಾಯುವುದು ಹೆಚ್ಚೆಂದರೆ ನಾಲ್ಕು ದಿನ.

"ಶನಿವಾರ ಬನ್ನಿ" ಎಂದೆ.

ಲೆಕ್ಕ ಅವನಿಗೂ ಗೊತ್ತು. ಬರಲಿ. ಶನಿವಾರ ಎರಡು ಬೊಗಸೆ ಕೊಡುತ್ತೇನೆ.