ಐಸಿನ ಪಕ್ಕ ಕೂರಿಸಿದ ಸೆನ್ಸರ್

ಕುಡತಿನಿ
ಬಿಸಿಮಾಸದ ಐವತ್ತೊಂದನೆಯ ದಿನ, 2187

ಶ್ರೀ ರಘುನಂದನ ಸಿರಿಗೇರಿಯವರಿಗೆ,

ಮೇಲಿನ ತಾರೀಖು ತಪ್ಪಾಗಿ ಬಿದ್ದದ್ದಲ್ಲ. ನಮ್ಮಲ್ಲಿ ಏಪ್ರಿಲ್, ಮೇ, ಜೂನ್ ಸೇರಿ ಒಂದೇ ತಿಂಗಳಾಗಿ ಬಹಳ ಕಾಲವಾಯಿತು. ನಾನು ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ. ನಿಮ್ಮ ಕಾಲದ ಕನ್ನಡವನ್ನು ಕಲಿತದ್ದು ಬಹುಪಾಲು ನಿಮ್ಮದೇ ಕಾರಿನ ಕ್ಯಾಮೆರಾದಲ್ಲಿ ಉಳಿದಿರುವ ಮಾತುಗಳಿಂದ. ಹಾಗಾಗಿ ಕೆಲವು ಪದಗಳು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಈ ಕಾಗದದಲ್ಲಿ ನಾನು ನಿಮ್ಮಿಂದ ಕೇಳುವ ಕ್ಷಮೆ ಇದೊಂದೇ.

ಇದನ್ನು ನಾವು ಹಿಂದೋಲೆ ಎನ್ನುತ್ತೇವೆ. ನಲವತ್ತೈದು ತುಂಬಿದ ಪ್ರತಿಯೊಬ್ಬರಿಗೂ ಹಿಂದಿನ ಕಾಲದ ಯಾರಾದರೊಬ್ಬರಿಗೆ, ತಾವು ಆರಿಸಿದ ಗಳಿಗೆಗೆ, ಒಂದೇ ಒಂದು ಓಲೆ ಕಳಿಸುವ ಹಕ್ಕಿದೆ. ಅದು ಓದುವವರ ಫೋನಿನಲ್ಲಿ ಬಂದು ಕೂರುತ್ತದೆ. ಅಳಿಸಿದರೆ ಮರುದಿನ ಮತ್ತೆ ಬರುತ್ತದೆ. ಇದರಿಂದ ನಮ್ಮ ಕಾಲದಲ್ಲಿ ಏನೂ ಬದಲಾಗುವುದಿಲ್ಲ. ನಿಮ್ಮ ಕಡೆ ಹೊಸ ದಾರಿಯೊಂದು ಕವಲೊಡೆಯುತ್ತದೆ, ಅದು ಎಲ್ಲಿಗೆ ಹೋಯಿತೆಂದು ನಮಗೆ ಎಂದೂ ತಿಳಿಯುವುದಿಲ್ಲ. ಹೆಚ್ಚಿನವರು ತೀರಿಹೋದ ತಾಯಿಗೆ ಬರೆಯುತ್ತಾರೆ. ನನ್ನ ಗೆಳತಿಯೊಬ್ಬಳು ಆ ಮದುವೆ ಬೇಡವೆಂದು ತನಗೆ ತಾನೇ ಬರೆದುಕೊಂಡಳು. ನಾನು ನಿಮಗೆ ಬರೆಯುತ್ತಿದ್ದೇನೆ.

ನನ್ನ ಹೆಸರು ಜುಲೇಖಾ ನದಾಫ್. ನಿಮ್ಮ ಕಾರಿನ ಮೆಕ್ಯಾನಿಕ್ ಮೌಲಾಸಾಬ್ ನದಾಫ್ ನನ್ನ ಮುತ್ತಜ್ಜನ ಅಜ್ಜ.

ನಾವು ಬದುಕುವ ರೀತಿಯನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅತಿಯಾಗಿ ಕಂಡೀತು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಇಲ್ಲಿ ಯಾರೂ ಹೊರಗೆ ಕಾಲಿಡುವುದಿಲ್ಲ. ಅದಕ್ಕೆ ಮುಚ್ಚುಹೊತ್ತು ಎಂದು ಹೆಸರು. ಮೂವತ್ತು ಅಡಿ ಆಳದಲ್ಲಿ ಹೂತ ಕೊಳವೆಗಳಲ್ಲಿ ಹಾದು ತಣ್ಣಗಾದ ಗಾಳಿ, ಒಳಗಾಳಿ, ಮನೆಮನೆಗೆ ಬರುತ್ತದೆ. ಆ ಹೊತ್ತಿನಲ್ಲಿ ಜನ ರೊಟ್ಟಿ ತಟ್ಟುತ್ತಾರೆ, ಜಗಳವಾಡುತ್ತಾರೆ, ಮಕ್ಕಳು ಕೊಳವೆಯ ಬಾಯಿಗೆ ಬೆನ್ನು ಕೊಟ್ಟು ಪಾಠ ಓದುತ್ತಾರೆ. ಪ್ರತಿ ಬಾಯಿಯ ಬಳಿ ಒಂದು ಉಷ್ಣಮಾಪಕ ಇರುತ್ತದೆ. ನಾನು ಅವುಗಳ ಪರಿವೀಕ್ಷಕಿ. ಮಾಪಕ ಸುಳ್ಳು ಹೇಳಿದರೆ ಒಂದು ಬೀದಿಯ ಮುದುಕರೆಲ್ಲ ಒಂದೇ ಮಧ್ಯಾಹ್ನ ಹೋಗಿಬಿಡುತ್ತಾರೆ. ಹಾಗಾಗಿ ಮಾಪಕವನ್ನು ತಿದ್ದಿದವರಿಗೆ ನಮ್ಮಲ್ಲಿ ಕೊಲೆಗಾರರಿಗೆ ಕೊಡುವ ಶಿಕ್ಷೆಯನ್ನೇ ಕೊಡುತ್ತಾರೆ.

ನಮ್ಮ ತರಬೇತಿ ಶಾಲೆಯ ಹಜಾರದಲ್ಲಿ ನಿಮ್ಮ ನೀಲಿ ಕಾರು ನಿಂತಿದೆ. ಬಾನೆಟ್ ತೆಗೆದಿಟ್ಟಿದ್ದಾರೆ. ನಿಮ್ಮ ಮೊಮ್ಮಕ್ಕಳು ದಾನ ಕೊಟ್ಟದ್ದು. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ, ಕಾದ ಗಾಳಿ ಎಂಜಿನ್ನಿನ ಶತ್ರು ಎಂಬ ಮೊದಲ ಪಾಠವನ್ನು ಆ ಕಾರಿನ ಎದುರಿಗೇ ಹೇಳಿಕೊಡುತ್ತಾರೆ. ಸೂಪರ್‌ಚಾರ್ಜರ್ ಗಾಳಿಯನ್ನು ಒತ್ತಿ ಒಳಗೆ ತಳ್ಳುತ್ತದೆ, ಐಸ್ ಪೆಟ್ಟಿಗೆಯ ನೀರು ಅದನ್ನು ತಣಿಸುತ್ತದೆ, ತಣಿಯಿತೋ ಇಲ್ಲವೋ ಎಂದು ಸೆನ್ಸರ್ ಹೇಳುತ್ತದೆ. ಎರಡನೆಯ ಪಾಠದ ಹೆಸರು ‘ಮೌಲಾನ ಉಪ್ಪು’. ನಿರ್ಲಕ್ಷ್ಯದ ಮೆಕ್ಯಾನಿಕ್ ಒಬ್ಬ ಐಸ್ ನೀರಿಗೆ ಉಪ್ಪು ಸುರಿದು, ಪಂಪು ಕೆಟ್ಟು, ಎಂಜಿನ್ ಸುಟ್ಟುಹೋದ ಕಥೆ. ಇಪ್ಪತ್ತರ ಹರೆಯದಲ್ಲಿ ನಾನು ಆ ಪಾಠವನ್ನು ಕೂತು ಕೇಳಿದ್ದೇನೆ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ನೋಡಿದ ಮೇಷ್ಟ್ರು ಕೇಳಿದರು, “ಏನಮ್ಮಾ ನದಾಫ್, ಮನ್ಯಾಗ ಉಪ್ಪು ಐತೋ, ಎಲ್ಲಾ ಗಾಡಿಗೇ ಹಾಕ್ಬಿಟ್ರೋ?” ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆ ನಗುವಿಗಾಗಿ ನನ್ನ ಮೇಲೆ ನನಗೇ ಇನ್ನೂ ಅಸಹ್ಯವಿದೆ.

ಹೋದ ವರ್ಷ ಆ ಕಾರಿನ ದೂಳು ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಎಂಜಿನ್ನಿಗೆ ಗಾಳಿ ಹೋಗುವ ಪೈಪಿನಲ್ಲಿ, ಸೆನ್ಸರ್ ಇರಬೇಕಾದ ತೂತನ್ನು ಎಪಾಕ್ಸಿ ಅಂಟು ಮೆತ್ತಿ ಮುಚ್ಚಿದ್ದು ಕಂಡಿತು. ಸೆನ್ಸರಿನ ವೈರು ಹಿಡಿದು ಹೋದೆ. ಅದು ಐಸ್ ಪೆಟ್ಟಿಗೆಯ ಪಕ್ಕಕ್ಕೆ ಹೋಗಿ ನಿಂತಿತ್ತು. ಐಸಿನ ಪಕ್ಕ ಕೂತ ಸೆನ್ಸರ್ ತಂಪು ಎನ್ನದೆ ಇನ್ನೇನು ಹೇಳೀತು? ಗಾಳಿ ಕಾದಿದೆ ಎಂದು ಗೊತ್ತಾದರೆ ಕಾರು ತಾನಾಗಿಯೇ ಕಿಡಿಯನ್ನು ತಡಮಾಡಿ ಶಕ್ತಿ ಇಳಿಸಿ, ಎಂಜಿನ್ನನ್ನು ಉಳಿಸಿಕೊಳ್ಳುತ್ತಿತ್ತು. ಶಕ್ತಿ ಇಳಿದರೆ ಪಂದ್ಯದಲ್ಲಿ ಅರ್ಧ ಸೆಕೆಂಡು ಹಿಂದೆ ಬೀಳುತ್ತಿದ್ದಿರಿ. ನಿಮಗೆ ಆ ಅರ್ಧ ಸೆಕೆಂಡು ಬೇಕಿತ್ತು. ಆಮೇಲೆ ಕ್ಯಾಮೆರಾದ ನೆನಪುಚೀಟಿ ತೆರೆದೆ. ಮೌಲಾಸಾಬರಿಗೆ ತಿಳಿಯದಂತೆ ಸೆನ್ಸರನ್ನು ಅಲ್ಲಿ ಕೂರಿಸಿದವರು ನೀವೇ ಎಂಬುದು ಅದರಲ್ಲಿತ್ತು. ನಿಮಗೆ ಇದು ಇವತ್ತಿನ ಮಾತು: ಏಪ್ರಿಲ್ 18, 2027, ಭಾನುವಾರ, ಬಳ್ಳಾರಿಯ ಹೊರಗಿನ ಪಾಳುಬಿದ್ದ ರನ್‌ವೇ, ನಲವತ್ತಮೂರು ಡಿಗ್ರಿ ಬಿಸಿಲು, ಕಾರು ಪಂದ್ಯದಲ್ಲಿ ನಿಮ್ಮ ಮೂರನೆಯ ಓಟ ಮುಗಿದಿತ್ತು.

ಮೌಲಾಸಾಬರಿಗೆ ಒಂದು ಪದ್ಧತಿ ಇತ್ತು. ಪ್ರತಿ ಓಟದ ನಂತರ ಅವರು ಮೊದಲು ಪರದೆ ನೋಡುತ್ತಿರಲಿಲ್ಲ, ಅಂಗೈಯನ್ನು ಮಗುಚಿ ಪೈಪಿನ ಮೇಲೆ ಇಡುತ್ತಿದ್ದರು. ಆವತ್ತೂ ಇಟ್ಟರು.

“ರಘಣ್ಣ, ಒಂದ್ ಸಲ ಮುಟ್ಟಿ ನೋಡ್ರಿ. ಕೈ ಇಡಾಕಾಗವಲ್ದು. ಇದ್ರಾಗ ನೋಡಿದ್ರ ಮೂವತ್ತೊಂದು ಅಂತೈತಿ. ಇದು ಹೆಂಗ?”

“ಮೌಲಣ್ಣ, ಬಿಸಿಲಾಗ ನಿಂತು ನಿನ್ ಕೈಯೇ ಕಾದೈತಿ. ನಿನ್ ಕೈ ಏನು ಥರ್ಮಾಮೀಟ್ರಾ?”

“ಅರ್ಧ ತಾಸು ಬಾನೆಟ್ ತೆಗದಿಡೂಣು. ಗಾಡಿ ಉಸ್ರು ಬಿಡ್ಲಿ. ಅಷ್ಟ್ರಾಗ ಒಂದಿಷ್ಟು ಉಂಡು ಬರೂಣು.”

“ನಿನಗ ಬರೇ ಉಣ್ಣೋದ ಚಿಂತಿ. ಸರಿ ಆಕಡಿ.”

ಸರಿದರು. ನೀವು ಓಡಿಸಿದಿರಿ. ಪಿಸ್ಟನ್ ಕರಗಿ ಎಂಜಿನ್ ಒಡೆಯಿತು, ಎಣ್ಣೆ ಚೆಲ್ಲಿ ಬೆಂಕಿ ಹತ್ತಿತು, ನಿಮ್ಮ ಬಾಗಿಲು ಸಿಕ್ಕಿಕೊಂಡಿತು. ನಿಮ್ಮ ಗೆಳೆಯರು ದೂರ ನಿಂತು ಕೂಗುತ್ತಿದ್ದಾಗ ಮೌಲಾಸಾಬರು ಓಡಿ ಬಂದು, ಕಾದ ಹಿಡಿಕೆಯನ್ನು ಬಲಗೈಯಲ್ಲಿ ಹಿಡಿದು ಎಳೆದು, ನಿಮ್ಮನ್ನು ಹೊರಗೆ ಹಾಕಿದರು. ಆ ಕೈಗೆ ಮತ್ತೆಂದೂ ಬಿಸಿ, ತಂಪು ತಿಳಿಯಲಿಲ್ಲ.

ಈಗ ನಿಮ್ಮಲ್ಲಿ ಸಂಜೆ ಆರು ಗಂಟೆ. ಅವರು ಆಸ್ಪತ್ರೆಯಲ್ಲಿದ್ದಾರೆ. ನೀವು ಹೊರಗೆ ಬೆಂಚಿನ ಮೇಲೆ ಕೂತು ವಿಡಿಯೊ ಒಂದನ್ನು ಮಾಡಿ ಮುಗಿಸಿದ್ದೀರಿ: “ಮೆಕ್ಯಾನಿಕ್ ನೀರಿಗೆ ಉಪ್ಪು ಸುರುದಾನ್ರೀ, ಪಂಪು ಸತ್ತುಹೋತು.” ತಂಪು ಹೆಚ್ಚಲೆಂದು ಅವರು ಉಪ್ಪನ್ನು ಹಾಕುತ್ತಿದ್ದದ್ದು ಪೆಟ್ಟಿಗೆಯ ಹೊರಗೆ ಸುತ್ತ ತುಂಬಿದ ಐಸಿಗೆ, ಒಳಗಿನ ನೀರಿಗಲ್ಲ. ಅದು ನಿಮಗೆ ಗೊತ್ತು. ನನ್ನ ಕಾಲದಲ್ಲಿ ನೀವು ಅದನ್ನು ಆರು ಗಂಟೆ ಹನ್ನೆರಡು ನಿಮಿಷಕ್ಕೆ ಊರಿಗೆಲ್ಲ ಕಳಿಸಿದಿರಿ. ಆಮೇಲೆ ಅವರ ಕೈಗೆ ಯಾರೂ ಎಂಜಿನ್ ಕೊಡಲಿಲ್ಲ. ಅವರು ಹದಿನಾಲ್ಕು ವರ್ಷ ಸೈಕಲ್ ಪಂಕ್ಚರ್ ಹಾಕಿದರು. ನೀವು ಎಂಬತ್ತೊಂದು ವರ್ಷ ಬದುಕಿದಿರಿ, ಸನ್ಮಾನಗಳಾದವು.

ನಿಮಗೆ ಹನ್ನೆರಡು ನಿಮಿಷವಿದೆ. ಒಳಗೆ ಹೋಗಿ ಆ ಮಂಚದ ಪಕ್ಕ ನಿಂತು, ಸೆನ್ಸರನ್ನು ಎಲ್ಲಿ ಕೂರಿಸಿದೆ, ಯಾಕೆ ಕೂರಿಸಿದೆ ಎಂದು ನಿಮ್ಮ ಗೆಳೆಯರೆಲ್ಲರ ಎದುರು ಹೇಳಬೇಕು. ಹೇಳದಿದ್ದರೆ ಈ ಕಾಗದ ದಿನವೂ ಬರುತ್ತದೆ, ನಿಮ್ಮ ಮದುವೆಯ ದಿನ, ಸನ್ಮಾನದ ದಿನ, ಕೊನೆಯ ದಿನ. ಬೇರೆ ಯಾರಿಗೂ ಕಾಣುವುದಿಲ್ಲ, ನೀವು ತೋರಿಸುವವರೆಗೆ.

ಇಷ್ಟು ಓದಿದ ಮೇಲೆ ನೀವು ಒಂದು ಪ್ರಶ್ನೆ ಕೇಳುತ್ತೀರಿ. ಗಳಿಗೆ ಆರಿಸುವುದು ನನ್ನ ಕೈಯಲ್ಲಿದ್ದರೆ ಇದನ್ನು ಬೆಳಿಗ್ಗೆಯೇ ಯಾಕೆ ಕಳಿಸಲಿಲ್ಲ? ಕಳಿಸಬಹುದಿತ್ತು. ಎರಡು ತಿಂಗಳು ಅದನ್ನೇ ಯೋಚಿಸಿದೆ. ಬೆಳಿಗ್ಗೆ ಕಳಿಸಿದ್ದರೆ ನೀವು ಹೆದರಿ ಸೆನ್ಸರನ್ನು ಅದರ ಜಾಗಕ್ಕೆ ಹಾಕಿ, ಸುಮ್ಮನೆ ಓಡಿ, ಸುಮ್ಮನೆ ಸೋತು, ಒಳ್ಳೆಯ ಮನುಷ್ಯನಾಗಿಯೇ ಮನೆಗೆ ಹೋಗುತ್ತಿದ್ದಿರಿ. ಆ ಕೈ ಉಳಿಯುತ್ತಿತ್ತು. ನನಗೆ ಬೇಕಾಗಿದ್ದದ್ದು ಆ ಕೈ ಎಂದುಕೊಂಡಿದ್ದೆ. ಬರೆಯಲು ಕೂತಾಗ ತಿಳಿಯಿತು, ಬೇಕಾಗಿದ್ದದ್ದು ನೀವು. ಇದು ನ್ಯಾಯವೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಅಲ್ಲ ಅನಿಸಿದ ಮೇಲೂ ಗಳಿಗೆ ಬದಲಿಸಲಿಲ್ಲ.

ಹಾಗಾಗಿ ಮೌಲಾಸಾಬರಿಗೆ ನನ್ನ ಮೇಲೂ ದೂರು ಹೇಳುವ ಅವಕಾಶ ನಿಮಗಿದೆ. ಅದಕ್ಕೆ ಈ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಅವರಿಗೆ ಓದಿ ಹೇಳಬೇಕಾಗುತ್ತದೆ. ಓದಿ. ನಾನು ಒಪ್ಪಿದ್ದೇನೆ.

ಜುಲೇಖಾ ನದಾಫ್
ಒಳಗಾಳಿ ಪರಿವೀಕ್ಷಕಿ