ಕತ್ತಿಯ ಮೇಲಿನ ಹೆಬ್ಬೆರಳು

ಅವ್ವೆ,

ನಿನಗೆ ಓದಲು ಬರುತ್ತಿರಲಿಲ್ಲ. ನೀನು ಹೋಗಿಯೂ ಆರು ವರ್ಷವಾಯಿತು. ಹಾಗಾಗಿಯೇ ಇದನ್ನು ಬರೆಯಲು ಧೈರ್ಯ ಬಂದಿರಬೇಕು.

ಮೇ ತಿಂಗಳು. ಕೊಯಮತ್ತೂರಿನ ನಮ್ಮ ಕಾಲೇಜಿಗೆ ರಜೆ. ಲೋಹಶಾಸ್ತ್ರದ ಪ್ರಯೋಗಾಲಯ ಮಾತ್ರ ತೆರೆದಿದೆ. ಬೇಸಿಗೆಯ ಎರಡು ತಿಂಗಳು ಸಂಶೋಧನೆ ಮಾಡಲು ಬಂದ ವಿದ್ಯಾರ್ಥಿಗಳು ಉಕ್ಕಿನ ತುಂಡುಗಳನ್ನು ಉಜ್ಜುತ್ತಿದ್ದಾರೆ. ನಾನು ಅವರ ಮೇಷ್ಟ್ರು. ತೊಂಬತ್ತೊಂದರ ಬೇಸಿಗೆಯಲ್ಲಿ, ವಿದ್ಯಾರ್ಥಿಯಾಗಿ, ಇದೇ ಮೇಜಿನ ಮುಂದೆ ನಾನು ಉಜ್ಜುತ್ತಿದ್ದೆ, ನಿನ್ನ ಕತ್ತಿಯನ್ನು.

ನಮ್ಮೂರ ಹತ್ತಿರದ ಕೊಲ್ಲಿಮಲೆಯ ಕಮ್ಮಾರ ಹೊಡೆದುಕೊಟ್ಟ ಕವಾತು ಕತ್ತಿ ಅದು. ಚಹಾ ಗಿಡ ಸವರುವ ಕವಾತಿನಲ್ಲಿ ಅಂಗಡಿಯ ಕತ್ತಿ ಮಧ್ಯಾಹ್ನಕ್ಕೇ ಮೊಂಡಾದರೆ ನಿನ್ನದು ಸಂಜೆಯವರೆಗೂ ಹರಿತವಾಗಿರುತ್ತಿತ್ತು. ಯಾಕೆ ಎಂಬುದೇ ನನ್ನ ಬೇಸಿಗೆಯ ಪ್ರಶ್ನೆ. ಪರೀಕ್ಷೆಗೆ ಅದನ್ನು ತುಂಡು ಮಾಡಬೇಕು ಎಂದಾಗ ನೀನು ಪಕ್ಕದ ಮನೆಯ ತಂಗಮಣಿ ಅತ್ತೆಗೆ ಕೇಳುವಂತೆ ಅಂದೆ: "ಕತ್ತಿ ಒಳ್ಳೇದಾ ಅಂತ ತಿಳಿಯಲು ಕತ್ತಿಯನ್ನೇ ಕುಯ್ಯೋದು. ಇದಕ್ಕೆ ಕಾಲೇಜು ಬೇರೆ." ಅತ್ತೆ ನಕ್ಕಳು. ನೀನು ಕತ್ತಿ ಕೊಟ್ಟೆ.

ಉಗುರಿನಷ್ಟು ತುಂಡನ್ನು ಕಪ್ಪು ಬಿಲ್ಲೆಯಲ್ಲಿ ಕೂರಿಸಿ, ನಾಲ್ಕು ಬಗೆಯ ಎಮರಿ ಕಾಗದದ ಮೇಲೆ ಉಜ್ಜಿದೆ. ಒಂದು ಕಾಗದದ ಗೀರು ಅಳಿಸಿದ ಮೇಲೆಯೇ ಮುಂದಿನದು. ಕೊನೆಗೆ ಬಟ್ಟೆಯ ಮೇಲೆ. ಅದು ಕನ್ನಡಿಯಾಯಿತು. ಆಮ್ಲದಲ್ಲಿ ಅದ್ದಿದರೆ ಉಕ್ಕಿನ ಒಳಗಿನ ನೇಯ್ಗೆ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಅಲ್ಲಿಯವರೆಗೆ ಯಾರೂ ಬೆರಳಿಡಬಾರದು. ಅದನ್ನು ಡಬ್ಬಿಯಲ್ಲಿ ಹತ್ತಿಯ ನಡುವೆ ಇಟ್ಟು, ಭಾನುವಾರ ಬಸ್ಸು ಹತ್ತಿ ಬೆಟ್ಟದ ಮೇಲಿನ ನಮ್ಮೂರು ಇತ್ತಲಾರಿಗೆ ತಂದೆ. ನಿನಗೆ ತೋರಿಸಬೇಕಿತ್ತು.

ನೀನು ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. "ಎನ್ನ ಕತ್ತಿಯಾ ಇದು?" ಅಂದೆ. ಹೆಬ್ಬೆರಳು ಒತ್ತಿದೆ.

"ಮುಟ್ಟಬೇಡ!"

ಅಷ್ಟು ಜೋರಾಗಿ ನಾನು ನಿನ್ನೊಡನೆ ಎಂದೂ ಮಾತಾಡಿರಲಿಲ್ಲ. ನೀನು ಕೈಯನ್ನು ಹೊದ್ದ ಬಿಳಿ ಮುಂಡಿನೊಳಗೆ ಅಡಗಿಸಿಕೊಂಡೆ. ಅನ್ನ ಬಡಿಸಿದೆ. ಅಂದಿನಿಂದ ನೀನು ನನ್ನ ಪುಸ್ತಕ, ಕಾಗದ, ಕೊನೆಗೆ ನನ್ನ ಮದುವೆಯ ಕರೆಯೋಲೆಯನ್ನೂ ಮುಂಡಿನ ತುದಿಯಿಂದಲೇ ಹಿಡಿದೆ. ನಾನು ನೋಡಿದೆ. ನೋಡದವನಂತೆ ಇದ್ದೆ.

ಸೋಮವಾರ ಸ್ಪಿರಿಟ್ಟಿನಲ್ಲಿ ಒರೆಸಿದೆ, ಗುರುತು ಹೋಯಿತೆಂದುಕೊಂಡೆ. ಆಮ್ಲದಿಂದ ತೆಗೆದರೆ ಅದು ಎದ್ದು ನಿಂತಿತ್ತು. ಬೆವರಿನ ಉಪ್ಪು ಒಂದೇ ರಾತ್ರಿಯಲ್ಲಿ ಉಕ್ಕನ್ನು ಕಚ್ಚಿತ್ತು. ನಿನ್ನ ಹೆಬ್ಬೆರಳಿನ ಗೆರೆಗಳು, ಅವುಗಳ ನಡುವೆ ಅಡ್ಡಕ್ಕೆ ಒಂದು ಖಾಲಿ ಜಾಗ: ಯಾವುದೋ ವರ್ಷದ ಕವಾತಿನಲ್ಲಿ ಅದೇ ಕತ್ತಿ ಮಾಡಿದ ಗಾಯದ ಕಲೆ. ನಮ್ಮ ಮೇಷ್ಟ್ರು ಬಾಲಸುಬ್ರಮಣಿಯನ್ ಸಾರ್ ಬಗ್ಗಿ ನೋಡಿದರು. "ಯಾರದೋ ಕೈ ಬಿದ್ದಿದೆ. ತಿರುಗಿ ಉಜ್ಜು," ಅಂದರು. ಯಾರದೆಂದು ನಾನು ಹೇಳಲಿಲ್ಲ.

ಉಜ್ಜಿದೆ. ನಾಲ್ಕು ಕಾಗದ, ಆಮೇಲೆ ಬಟ್ಟೆ. ಅರ್ಧ ಗಂಟೆಯ ಕೆಲಸ. ಆ ವರದಿಯ ಚಿತ್ರಗಳು ಎಲ್ಲರಿಗೂ ಮೆಚ್ಚಿಗೆಯಾದವು. ಉಕ್ಕು ಅಂಚಿನಲ್ಲಿ ಮಾತ್ರ ಗಟ್ಟಿ, ಬೆನ್ನಿನಲ್ಲಿ ಮೆದು. ಕಮ್ಮಾರ ಕೆಂಪಗೆ ಕಾದ ಕತ್ತಿಯ ಅಂಚನ್ನಷ್ಟೇ ನೀರಿಗೆ ತೋರಿಸಿದ್ದ. ಉತ್ತರ ಸಿಕ್ಕಿತು. ನಿನಗೆ ಹೇಳಿದಾಗ "ಅದು ಅವನನ್ನೇ ಕೇಳಬಹುದಿತ್ತು" ಅಂದೆ.

ನಿನ್ನ ಫೋಟೋಗಳು ಮನೆಯಲ್ಲಿವೆ. ಯಾವುದರಲ್ಲೂ ಕೈ ಕಾಣುವುದಿಲ್ಲ.

ನಿನ್ನೆ ಅಮೃತಾ ಎಂಬ ವಿದ್ಯಾರ್ಥಿನಿ ತನ್ನ ಬಿಲ್ಲೆ ತಂದಳು. ಅವಳದೇ ಬೆರಳು ತಾಗಿ ಗುರುತು ಮೂಡಿತ್ತು. ಬೈಗುಳಕ್ಕೆ ಸಿದ್ಧವಾಗಿ ನಿಂತಿದ್ದಳು. ತಿರುಗಿ ಉಜ್ಜಬೇಕು, ಬೇರೆ ದಾರಿಯಿಲ್ಲ. ಮೊದಲು ಆ ಗುರುತಿನ ಒಂದು ಫೋಟೋ ತೆಗೆದು ಮನೆಗೆ ಕೊಂಡುಹೋಗು ಅಂದೆ. ಯಾಕೆ ಸಾರ್ ಅಂದಳು. ಕಿಟಕಿ ಮುಚ್ಚಲು ಎದ್ದೆ.

ಅವ್ವೆ, ಇರುವಲ್ಲಿ ತಣ್ಣಗಿರು. ಈ ಕಾಗದವನ್ನು ಮುಂಡಿನ ತುದಿಯಿಂದ ಹಿಡಿಯಬೇಡ. ಬರಿಗೈಯಲ್ಲಿ ಹಿಡಿ.

ನಿನ್ನ ಮಗ,
ಹಾಲನ್